ಮಾತು ಎತ್ತಿಕೊಡುವವಳು

ನಾನು ಕೂರುವುದು ಪರದೆಯ ಹಿಂದೆ, ಎಡಗಡೆ,
ಹಾಲಿನ ಕ್ಯಾನಿನ ಮೇಲೊಂದು ದಿಂಬು ಹಾಕಿಕೊಂಡು.
ಕೈಯಲ್ಲಿ ಟಾರ್ಚು, ಮಡಿಲಲ್ಲಿ ಭೂಗೋಳದ ಎತೇರಿ ಬರೆದ ನಾಟಕ,
ದಪ್ಪಕ್ಷರದ್ದು. ಕಳೆದ ಚಳಿಗಾಲ ಕುತಾಯಿಸಿಗೆ ಹೋಗಿ
ಕಣ್ಣಿನ ಪೊರೆ ತೆಗೆಸಿಕೊಂಡು ಬಂದೆ.
ಆದರೂ ದಪ್ಪಕ್ಷರವೇ ಇರಲಿ ಅಂದೆ. ಅಭ್ಯಾಸ.

ಗಣಿ ಮುಚ್ಚಿದ ಮೇಲೆ ಈ ಸಭಾಂಗಣಕ್ಕೆ ಗತಿಯಿರಲಿಲ್ಲ.
ಈಗ ಗುರುವಾರ ಗುರುವಾರ ನಾವಿದ್ದೇವೆ, ಹನ್ನೊಂದು ಜನ.
ಎಲ್ಲರಿಗಿಂತ ಚಿಕ್ಕವನು ಗೆಲಾ, ಅರವತ್ತೆಂಟು;
ಆದ್ದರಿಂದ ಕುರ್ಚಿ ಹೊರುವುದು, ಕಳ್ಳನ ಪಾತ್ರ, ಮಗುವಿನ ಪಾತ್ರ
ಎಲ್ಲ ಅವನದೇ.
ಒಂದು ನಾಟಕಕ್ಕೆ ಮೂರು ಮಧ್ಯಂತರ:
ಮೂತ್ರಕೋಶಕ್ಕೆ ಅಂಕ ದೃಶ್ಯಗಳ ಲೆಕ್ಕ ತಿಳಿಯದು.
ನೋಡುವವರೂ ನಮ್ಮ ವಾರಿಗೆಯವರೇ.
ಸಿಳ್ಳೆ ಹಾಕುವುದು ಅವರ ಕಿವಿಯ ಯಂತ್ರ ಮಾತ್ರ.

ಈ ಸಲದ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ.
ನಲವತ್ತೇಳು ವರ್ಷದ ಹಿಂದೆ, ಫೆಬ್ರವರಿಯ ಒಂದು ರಾತ್ರಿ,
ಪಾಳಿ ಮುಗಿಸಿ ಇಳಿಯುವವರ ತಂತಿಗಾಡಿ
ಕರೆಂಟು ಹೋಗಿ ನಿಂತಿತು, ನದಿಯ ಮೇಲೆ, ನಟ್ಟನಡುವೆ.
ಒಂಬತ್ತು ಗಂಟೆ. ಐದು ಜನ. ಒಂದು ರೊಟ್ಟಿ.

ಐದು ಕುರ್ಚಿ, ಸುತ್ತ ಬಟ್ಟೆ ಒಣಹಾಕುವ ಹಗ್ಗ: ಅದೇ ಗಾಡಿ.
ಎಂಬತ್ತೊಂದರ ತ್ಸಿಯಾಲಾ ಇಪ್ಪತ್ತೆರಡರ ನರ್ಸು.
ಲಿಪ್‌ಸ್ಟಿಕ್ಕು ತುಟಿ ದಾಟಿ ಸುಕ್ಕುಗಳ ಕಾಲುವೆಗೆ ಹರಿದಿದೆ;
ಚೆಂದವೇ ಕಾಣುತ್ತಾಳೆ, ಅವಳಿಗೂ ಅದು ಗೊತ್ತು.
ಕಂಡಕ್ಟರು ನಿಜಕ್ಕೆ ಹೆಂಗಸು. ಗಂಡಸರಿಗೆ ಪಾತ್ರ ಸಾಲದೆಂದು
ಎತೇರಿ ಒತಾರನಿಗೆ ಕೊಟ್ಟಳು, ಜೊತೆಗೊಂದು ಗಂಡುಮಾತು:
'ಹೆದರಬೇಡಿ, ಈ ತಂತಿ ನಮಗಿಂತ ಗಟ್ಟಿ.'

ಒತಾರ್ ಎದ್ದ. ಎದೆ ಉಬ್ಬಿಸಿದ. ಬಾಯಿ ತೆರೆದ.
ತೆರೆದೇ ಇತ್ತು.
ಎತ್ತಿಕೊಟ್ಟೆ: ಹೆದರಬೇಡಿ...
ಇನ್ನೊಮ್ಮೆ, ಜೋರಾಗಿ.
ನನ್ನ ಕಡೆಯ ಕಿವಿಯನ್ನು ಗಣಿಯ ಸಿಡಿಮದ್ದು
ಎಂದೋ ತಿಂದು ಮುಗಿಸಿತ್ತು.

ಆಗ ಮೂರನೆಯ ಸಾಲಿನಿಂದ, ಕೋಟೂ ಬಿಚ್ಚದೆ ಕೂತಿದ್ದ ನಾಜಿಬ್ರೋಲಾ:
'ನಾನು ಹಾಗೆ ಹೇಳಲಿಲ್ಲ.'

ಒಲೆಯ ಕೊಳವೆ ಟಕ್ ಅಂದಿತು. ಬೇರೇನೂ ಇಲ್ಲ.

'ನಾನು ಹೇಳಿದ್ದು: ನನಗೂ ಭಯವಾಗ್ತಿದೆ.
ಯಾರಾದರೂ ಏನಾದರೂ ಮಾತಾಡಿ.'

ಅತ್ತ ಕಡೆಯದು ಒತಾರನ ಒಳ್ಳೆಯ ಕಿವಿ.
ಉಬ್ಬಿದ ಎದೆ ನಿಧಾನ ಇಳಿಯಿತು, ಕೋಟಿನೊಳಕ್ಕೆ.
ನನಗೂ ಭಯವಾಗ್ತಿದೆ, ಎಂದ.
ಯಾರಾದರೂ ಏನಾದರೂ ಮಾತಾಡಿ.

ಟಾರ್ಚು ಹಿಡಿದು ಹುಡುಕಿದೆ, ಹಿಂದೆ ಮುಂದೆ ಮಗುಚಿದೆ.
ಇದಕ್ಕೆ ಉತ್ತರ ಯಾವ ಪುಟದಲ್ಲೂ ಇಲ್ಲ.
ತ್ಸಿಯಾಲಾ ಕೈಚೀಲವನ್ನು ಮಡಿಲಿಗೆಳೆದುಕೊಂಡು ಶುರುಮಾಡಿದಳು:
ಬೆಳಿಗ್ಗೆ ಹುಳಿ ಪ್ಲಮ್ಮಿನ ಗೊಜ್ಜು ತಳ ಹಿಡಿದದ್ದು,
ಅದನ್ನು ಕೆರೆಯುತ್ತ ನಿಂತಾಗ ಗಂಡನ ಹೆಸರು
ಒಂದು ನಿಮಿಷ, ಪೂರ್ತಿ ಒಂದು ನಿಮಿಷ, ಬಾರದೆ ಹೋದದ್ದು.
'ಯಾರಿಗೂ ಹೇಳಿಲ್ಲ' ಎಂದಳು,
ನೂರ ಹತ್ತು ಜನರ ಎದುರಿಗೆ.

ಹಿಂದಿನ ಸಾಲಿನಿಂದ ಯಾರೋ ತಮ್ಮ ಮೆಟ್ಟಿಲಿನ ಭಯ ಹೇಳಿದರು.
ಇನ್ಯಾರೋ ಫೋನು ಬಡಿದುಕೊಳ್ಳುವ ಭಯ,
ಇನ್ಯಾರೋ, ಬಡಿದುಕೊಳ್ಳದ ಭಯ.
ರೊಟ್ಟಿಯ ದೃಶ್ಯ ಬರಲೇ ಇಲ್ಲ. ರೊಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಗೆಲಾ
ಕಾದ, ಕಾದ, ತುದಿ ಮುರಿದು ತಿಂದ, ನನಗೂ ಕೊಟ್ಟ.
ಕರೆಂಟು ಬಂದು ಗಾಡಿ ಇಳಿಯಿತೋ ಇಲ್ಲವೋ,
ಆ ರಾತ್ರಿ ಯಾರೂ ಕೇಳಲಿಲ್ಲ.

ಎತೇರಿ ಎರಡು ವಾರ ಮುಖ ಊದಿಸಿಕೊಂಡಿದ್ದಳು.
ಮೂರನೆಯ ಗುರುವಾರ ಹೊಸ ಹಾಳೆ ತಂದಳು.
ಕಂಡಕ್ಟರನ ಮಾತು ಬದಲಾಗಿತ್ತು.
ಕೆಳಗೆ ಅರ್ಧ ಪುಟ ಖಾಲಿ.
ಅಂಚಿನಲ್ಲಿ ಪೆನ್ಸಿಲು, ದಪ್ಪಕ್ಷರ, ನನಗೊಬ್ಬಳಿಗೆ:
ಇಲ್ಲಿ ನೀನು ಏನೂ ಎತ್ತಿಕೊಡಬೇಡ.

ಅಷ್ಟು ಹೊತ್ತು ಟಾರ್ಚು ಆರಿಸಿ ಕೂರುತ್ತೇನೆ.
ಸೆಲ್ಲೂ ಉಳಿಯುತ್ತದೆ.